ಅಕ್ಕೋರ ಉದ್ದ ಸೀಟಿನ ಕಾರು

ಬಿಸಿಲಿಗೆ ಕಾದ ರೆಕ್ಸಿನ್ನಿನ ವಾಸನೆಗೆ ಹೆಸರಿಲ್ಲ. ಅರ್ಧ ಪೆಟ್ರೋಲು, ಅರ್ಧ ಚಪ್ಪಲಿ ಅಂಗಡಿ. ಹೋದ ತಿಂಗಳು ಬೆಳಗಾವಿಯ ಟಿಳಕವಾಡಿಯ ಒಂದು ಕಲ್ಯಾಣ ಮಂಟಪದ ಅಂಗಳದಲ್ಲಿ ಮದುಮಗನ ಮೆರವಣಿಗೆಗೆಂದು ಹೂಮಾಲೆ ಸುತ್ತಿ ನಿಲ್ಲಿಸಿದ್ದ ಹಳೆಯ ಕಾರಿನ ಬಾಗಿಲನ್ನು ಯಾರೋ ತೆರೆದರು. ಆ ವಾಸನೆ ಬಂದು ಮುಖಕ್ಕೆ ಬಡಿಯಿತು. ಐದಾರು ಹುಡುಗರು ಬಾನೆಟ್ ಎತ್ತಿ ಇಂಜಿನ್ ನೋಡುತ್ತಿದ್ದರು. ನನಗೆ ಇಂಜಿನ್ ಬೇಕಿರಲಿಲ್ಲ. ಬಗ್ಗಿ ಮುಂದಿನ ಸೀಟು ನೋಡಿದೆ. ಒಂದೇ ಉದ್ದ ಸೀಟು, ಶಾಲೆಯ ಬೆಂಚಿನ ಹಾಗೆ. ಗೇರು ನಡುವೆ ಇಲ್ಲ, ಸ್ಟೇರಿಂಗಿಗೇ ಅಂಟಿಕೊಂಡಿತ್ತು. ಮೂರು ಜನ ಒತ್ತಿಕೊಂಡು ಕೂಡಬಹುದಾದ ಸೀಟು… ಅಕ್ಕೋರು ನೆನಪಾದರು. ನೆನಪಾದ ಕೂಡಲೇ ಸಿಟ್ಟು ಬಂತು. ಇಪ್ಪತ್ತು ವರ್ಷ ದಾಟಿದರೂ ಅವರ ನೆನಪು ಸಿಟ್ಟನ್ನು ಬಿಟ್ಟು ಒಂಟಿಯಾಗಿ ಬಂದದ್ದಿಲ್ಲ.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎಂದೇ ಕರೆಯುವುದು. ಆದರೆ ಆಗಿನ ಖಾನಾಪುರದಲ್ಲಿ ಬರೀ ‘ಅಕ್ಕೋರು’ ಎಂದರೆ ಅವರೊಬ್ಬರೇ. ಅರ್ಧ ಊರಿಗೆ ಅಕ್ಷರ ತಿದ್ದಿಸಿ ನಿವೃತ್ತರಾದವರು. ಮರಾಠಿ ಮನೆಯವರು ಕೂಡ ಅವರನ್ನು ತಮ್ಮ ರೂಢಿಯಂತೆ ‘ಬಾಯಿ’ ಅನ್ನದೆ ಅಕ್ಕೋರು ಎಂದೇ ಕರೆಯುತ್ತಿದ್ದರು. ನಾನು ಹೊಸದಾಗಿ ಮದುವೆಯಾಗಿ ಅವರ ಗೋಡೆಗೆ ಗೋಡೆ ಹಚ್ಚಿದ ಬಾಡಿಗೆ ಮನೆಗೆ ಬಂದಿದ್ದೆ. ನನ್ನ ಗಂಡನಿಗೆ ಅರಣ್ಯ ಇಲಾಖೆಯ ನೌಕರಿ, ವಾರವೆಲ್ಲ ಕಣಕುಂಬಿಯ ಕಡೆಗೇ ಇರುತ್ತಿದ್ದರು. ಹೊಸ ಊರಲ್ಲಿ ಒಬ್ಬಳೇ ಕೂತು ಗೋಡೆ ನೋಡುತ್ತಿದ್ದವಳನ್ನು ಅಕ್ಕೋರು ಮೂರನೆಯ ದಿನಕ್ಕೇ ಒಳಗೆ ಕರೆದರು. “ಬಾ ತಂಗಿ, ಅಳೂದಿದ್ರ ಇಲ್ಲೇ ಕುಂತು ಅಳು. ಚಾ ಆದ್ರೂ ಸಿಗತೈತಿ,” ಅಂದರು. ಹಾಗೆ ಶುರುವಾದದ್ದು.

ಅವರ ಯಜಮಾನರನ್ನು ನಾನು ಕಾಕಾ ಎನ್ನುತ್ತಿದ್ದೆ. ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಫೋರ್ಮನ್ ಆಗಿದ್ದವರು. ಕಾರಿನ ಹುಚ್ಚು ವಿಪರೀತ. ಪ್ರತಿ ಆದಿತ್ಯವಾರ ಬೆಳಗಾವಿಯಿಂದ ಗೆಳೆಯರು ತಮ್ಮ ತಮ್ಮ ಗಾಡಿ ತೆಗೆದುಕೊಂಡು ಬಂದು ಅವರ ಅಂಗಳದಲ್ಲಿ ಜಾತ್ರೆಯ ಹಾಗೆ ನೆರೆಯುತ್ತಿದ್ದರಂತೆ. ಕಾಕಾ ಕಾರ್ಬೊರೇಟರಿಗೆ ಸ್ಕ್ರೂಡ್ರೈವರ್ ಹಚ್ಚಿ, ಕಿವಿಯಿಟ್ಟು, ಒಂದು ಕೂದಲೆಳೆಯಷ್ಟು ತಿರುವಿದರೆ ಗಾಡಿಯ ಕೆಮ್ಮು ನಿಲ್ಲುತ್ತಿತ್ತಂತೆ. ಹೆಂಡತಿಗೆ ಮಾತ್ರ ಸ್ಟೇರಿಂಗ್ ಮುಟ್ಟಲೂ ಕೊಡುತ್ತಿರಲಿಲ್ಲ. ‘ಗಾಡಿ ಅಂದ್ರ ಒಲಿ ಅಲ್ಲ, ಊದಿದ್ರ ಹತ್ತಾಕ’ ಎಂದು ಹಂಗಿಸುತ್ತಿದ್ದರಂತೆ. ಇದನ್ನು ನನಗೆ ಅಕ್ಕೋರೇ ಹೇಳಿದ್ದು. ಹೇಳುವಾಗ ಅವರೇ ಸ್ಟೇರಿಂಗ್ ಹಿಡಿದಿದ್ದರು, ಕಾಕಾ ಪಕ್ಕದಲ್ಲಿ ತುಟಿ ವಾರೆ ಮಾಡಿ ನಗುತ್ತಿದ್ದರು.

ನಾನು ನೋಡುವ ಹೊತ್ತಿಗೆ ಕಾಕಾಗೆ ಲಕ್ವಾ ಹೊಡೆದಾಗಿತ್ತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ಹೋಗಿತ್ತು. ಉಳಿದದ್ದು ಒಂದೇ ಶಬ್ದ. ಕೊಡು. ನೀರು ಬೇಕಾದರೆ ಕೊಡು, ನೀರು ಸಾಕಾದರೂ ಕೊಡು. ಸೊಂಟ ನೋಯುತ್ತಿದ್ದರೆ ಕೊಡು. ಮೊಮ್ಮಗಳು ಬಂದು ತೊಡೆಯ ಮೇಲೆ ಕೂತರೆ ಖುಷಿಗೆ ಕೊಡು, ಕೊಡು, ಕೊಡು. ಡಾಕ್ಟರು ಹೇಳಿದ್ದು, ಒಳಗೆ ಎಲ್ಲ ತಿಳಿಯುತ್ತದೆ, ಹೊರಗೆ ಬರುವ ಬಾಗಿಲಲ್ಲಿ ಇದೊಂದೇ ಮಾತು ಸಿಕ್ಕಿಹಾಕಿಕೊಂಡಿದೆ ಎಂದು. ಅಕ್ಕೋರು ಆ ಒಂದು ಮಾತಿನ ಎಳೆತ, ಗಿಡ್ಡತನ, ಏರು, ಇಳಿವು ಎಲ್ಲವನ್ನೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಿದ್ದರು. ಅಡುಗೆ ಮನೆಯಿಂದಲೇ “ಹೂಂ, ಕಿಟಕಿ ಹಾಕ್ತೀನಿ ತಡೀರಿ” ಎಂದು ಕೂಗುತ್ತಿದ್ದರು. ಹೋಗಿ ನೋಡಿದರೆ ಖರೇ ಕಿಟಕಿಯಿಂದ ಮಳೆಯ ಇರಚಲು ಬಡಿಯುತ್ತಿರುತ್ತಿತ್ತು. ಮನೆಗೆ ಯಾರೇ ಬರಲಿ, ಅವರಿಗೆ ಅಕ್ಕೋರು ಮೊದಲು ಹೇಳುತ್ತಿದ್ದ ಮಾತು ಒಂದೇ: ಇವರಿಗೆ ಎಲ್ಲ ತಿಳಿಯುತ್ತದೆ, ಇವರ ಮುಖ ನೋಡಿ ಮಾತಾಡಿ.

ವಾರಕ್ಕೆರಡು ಸಲ ಕಾಕಾನನ್ನು ಬೆಳಗಾವಿಗೆ ಕೈಕಾಲಿನ ವ್ಯಾಯಾಮ ಮಾಡಿಸಲು ಕರೆದೊಯ್ಯಬೇಕಿತ್ತು. ಬಸ್ಸಿನಲ್ಲಿ ಸಾಧ್ಯವಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂಡಿಸಿದರೆ ತಿರುವಿನಲ್ಲಿ ಮೂಟೆಯಂತೆ ಉರುಳುತ್ತಿದ್ದರು. ಅದಕ್ಕೇ ಅಕ್ಕೋರು ಐವತ್ತೆಂಟು ದಾಟಿದ ಮೇಲೆ ಗಾಡಿ ಕಲಿತರು. ಆ ಉದ್ದ ಸೀಟಿನ ನಡುವೆ ಕಾಕಾ, ಬಲಕ್ಕೆ ಸ್ಟೇರಿಂಗ್ ಹಿಡಿದು ಅಕ್ಕೋರು, ಎಡಕ್ಕೆ ಬಾಗಿಲಿಗೆ ಒತ್ತಿಕೊಂಡು ನಾನು. ಎರಡು ಕಡೆಯ ಭುಜಗಳ ನಡುವೆ ಸಿಕ್ಕ ಮನುಷ್ಯ ಎಲ್ಲಿಗೆ ಬೀಳುತ್ತಾನೆ? ಅವರ ತೂಕ ನನ್ನ ತೋಳಿನ ಮೇಲೆ ಬೀಳುತ್ತಿತ್ತು, ವಿಭೂತಿಯ ಪುಡಿ ನನ್ನ ಸೀರೆಗೆ ಹತ್ತುತ್ತಿತ್ತು. ಕಾಕಾನ ಎಡಗೈ ಡ್ಯಾಷ್‌ಬೋರ್ಡಿನ ಮೇಲೆ ಇರುತ್ತಿತ್ತು. ಇಂಜಿನ್ನಿನ ದನಿ ಏರಿ ಬಿಗಿಯಾದ ಕೂಡಲೇ ಬೆರಳಿನಿಂದ ಒಂದು ಏಟು. ಅಕ್ಕೋರು ಗೇರು ಬದಲಿಸಬೇಕು. ತಡವಾದರೆ ಎರಡು ಏಟು. ಮಲಪ್ರಭೆಯ ಸೇತುವೆ ದಾಟಿ, ದೇಸೂರು ದಾಟಿ, ಟಿಳಕವಾಡಿಯ ಮೂರನೇ ಗೇಟಿನಲ್ಲಿ ರೈಲಿಗೆ ಕಾಯುವವರೆಗೂ ಈ ಗಂಡ ಹೆಂಡತಿ ಹೀಗೆ ಮಾತಾಡುತ್ತಲೇ ಇರುತ್ತಿದ್ದರು. “ನಲವತ್ತ ವರ್ಷದಾಗ ಇಷ್ಟ ಮಾತ ನಾವು ಎಂದೂ ಆಡಿರಲಿಲ್ಲ ತಂಗಿ,” ಎಂದು ಅಕ್ಕೋರು ಒಮ್ಮೆ ಗೇಟಿನ ಬಳಿ ಹೇಳಿದರು. ಕಾಕಾ “ಕೊಡು” ಅಂದರು. ಅದರ ಅರ್ಥ ನನಗೂ ತಿಳಿಯಿತು.

ಇನ್ನು ಆ ಆದಿತ್ಯವಾರದ ಮಂದಿ… ಅವರ ಬಗ್ಗೆ ಬರೆಯಲು ಕೂತರೆ ಈಗಲೂ ಮೈ ಉರಿಯುತ್ತದೆ. ಕಾಕಾ ಹಾಸಿಗೆ ಹಿಡಿದಾಗ ಕೆಲವು ತಿಂಗಳು ಯಾರೂ ಸುಳಿಯಲಿಲ್ಲ. ಆಮೇಲೆ ಮತ್ತೆ ಒಬ್ಬೊಬ್ಬರಾಗಿ ಬಂದರು. ಅಂಗಳ ದೊಡ್ಡದು, ಅಕ್ಕೋರ ಕೈಯ ಚಹಾ ಗಟ್ಟಿ, ಅವಲಕ್ಕಿಯೂ ಸಿಗುತ್ತಿತ್ತು. ಕಾಕಾನನ್ನು ಕುರ್ಚಿಯಲ್ಲಿ ಕೂಡಿಸಿ, ನಮಸ್ಕಾರ ಮಾಡಿ, ಅವರಿಗೆ ಬೆನ್ನು ತಿರುಗಿಸಿ ಬಾನೆಟ್ ಸುತ್ತ ನಿಲ್ಲುತ್ತಿದ್ದರು. ಆಗ ಹೊಸ ಬಗೆಯ ಇಂಜಿನ್ನುಗಳು ಬರುತ್ತಿದ್ದವು. ಕಾರ್ಬೊರೇಟರೇ ಇಲ್ಲ, ಕಂಪ್ಯೂಟರೇ ಅಳೆದು ಪೆಟ್ರೋಲು ಹನಿಸುತ್ತದೆ, ಚಳಿಗಾಲದಲ್ಲೂ ಚೋಕ್ ಎಳೆಯಬೇಕಿಲ್ಲ, ಶಬ್ದವೇ ಇಲ್ಲ ಎಂದು ಒಬ್ಬರು. ಕೆಟ್ಟರೆ ದಾರಿಯಲ್ಲಿ ಯಾರು ರಿಪೇರಿ ಮಾಡುತ್ತಾರೆ, ಕಂಪ್ಯೂಟರಿಗೆ ಸ್ಕ್ರೂಡ್ರೈವರ್ ಹಾಕಲು ಬರುತ್ತದೆಯೇ ಎಂದು ಇನ್ನೊಬ್ಬರು. ಎರಡು ಪಕ್ಷ ಕಟ್ಟಿಕೊಂಡು ಮಧ್ಯಾಹ್ನದವರೆಗೆ ಕಾದಾಟ. ಕೇಳಿ ಕೇಳಿ ನನಗೂ ಇಂಜಿನ್ ಬಿಚ್ಚುವಷ್ಟು ವಿದ್ಯೆ ಬಂದಿತ್ತು!

ಅವರೊಳಗೆ ಒಬ್ಬ ವಕೀಲರು. ಬೆಳಗಾವಿಯವರು. ಮಾತೆಂದರೆ ಬೆಣ್ಣೆಯಲ್ಲಿ ಕೂದಲು ತೆಗೆದಂತೆ. ಇನ್ನೊಬ್ಬರು ಕಾಕಾನ ಸ್ವಂತ ತಮ್ಮ, ಶಹಾಪುರದಲ್ಲಿ ಸೀರೆ ಅಂಗಡಿ ಇಟ್ಟವರು. ಈ ಇಬ್ಬರೂ ಒಂದೇ ಹಾಡು ಹಿಡಿದರು: ಬೆಲೆ ಬರುವಾಗಲೇ ಗಾಡಿ ತೆಗೆದುಬಿಡಿ. ಅದು ಸೀಸವಿಲ್ಲದ ಪೆಟ್ರೋಲು ಎಲ್ಲ ಪಂಪುಗಳಿಗೂ ಬಂದ ವರ್ಷ. ಹಳೆಯ ಇಂಜಿನ್ನುಗಳಿಗೆ ಪೆಟ್ರೋಲಿನೊಳಗಿನ ಸೀಸವೇ ಮೆತ್ತೆ ಇದ್ದ ಹಾಗೆ, ಅದಿಲ್ಲದಿದ್ದರೆ ಒಳಗೆ ವಾಲ್ವ್ ಕೂಡುವ ಜಾಗ, ಅವರ ಭಾಷೆಯಲ್ಲಿ ವಾಲ್ವ್ ಸೀಟು, ಬಡಿದು ಬಡಿದು ಸವೆದುಹೋಗುತ್ತದಂತೆ. ವಕೀಲರು ಅದನ್ನು ಮರಣದಂಡನೆ ಓದಿದ ಹಾಗೆ ಓದಿದರು.

“ಈಗ ಕೊಟ್ರ ಕಾರು ಅಂತ ಹೋಗತೈತ್ರಿ ಅಕ್ಕೋರ. ಇನ್ನೊಂದ ವರ್ಷ ಇಟಗೊಂಡ್ರ ಮೋಡಕಾ ಅಂತ ಗುಜರಿಗೆ ಹೋಗತೈತಿ.”

ಅಕ್ಕೋರು ಚಹಾದ ತಟ್ಟೆ ಕೆಳಗಿಟ್ಟರು. “ಅದನ್ನ ಹೋದ ತಿಂಗಳನ ಮಾಡಿಸೇನ್ರಿ. ಉದ್ಯಮಬಾಗದಾಗ ಇವರ ಹಳೇ ಗೆಳ್ಯಾರ ಇಂಜಿನ್ನಿನ ಹೆಡ್ ಬಿಚ್ಚಿ ಗಟ್ಟಿ ಸೀಟ ಕೂಡ್ರಿಸಿ ಕೊಟ್ಟಾರ. ಆ ಸೀಟಿನ ಚಿಂತಿ ನೀವು ಬಿಡ್ರಿ. ಈ ಸೀಟಿಂದ ಹೇಳ್ರಿ. ಹೊಸಾ ಗಾಡಿ ತಗೊಂಡ್ರ ಅದರಾಗ ಇವರನ್ನ ಎಲ್ಲಿ ಕೂಡ್ರಸ್ಲಿ?”

ಹೊಸ ಗಾಡಿಗಳಲ್ಲಿ ಮುಂದೆ ಎರಡು ಬೇರೆ ಬೇರೆ ಸೀಟು, ನಡುವೆ ಗೇರಿನ ಕೋಲು. ಮೂರನೆಯವರಿಗೆ ಜಾಗವೇ ಇಲ್ಲ. ಇಷ್ಟು ವರ್ಷ ಕಾರಿನ ಮಾತಾಡಿದವರಿಗೆ ಅದು ಹೊಳೆದೇ ಇರಲಿಲ್ಲ. ಹೊಳೆದ ಮೇಲಾದರೂ ಸುಮ್ಮನಾಗಬೇಕಿತ್ತು. ಕಾಕಾನ ತಮ್ಮ, “ಹಿಂದ ಸೀಟ್ ಇರೂದಿಲ್ಲೇನ್ ವೈನಿ?” ಎಂದು ಅತ್ತಿಗೆಯನ್ನು ಕೇಳಿದರು. ವಕೀಲರು ಬಿಡಿಭಾಗ ಸಿಗುವುದಿಲ್ಲ ಎಂದು ಶುರು ಮಾಡಿದರು. ಒಂದು ಕಾರಣ ಸತ್ತರೆ ಇನ್ನೊಂದು ಹುಟ್ಟುತ್ತಿತ್ತು. ಇಂಜಿನ್ನಿನ ಮಾತು ಎಂದೂ ಇಂಜಿನ್ನಿನದಾಗಿರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು. ವಕೀಲರಿಗೆ ಆ ಗಾಡಿ ಬೇಕಿತ್ತು. ಹಳೆಯ ಗಾಡಿ ಕೂಡಿಡುವ ಖಯಾಲಿ ಬೆಳಗಾವಿಯ ದೊಡ್ಡವರಲ್ಲಿ ಆಗಷ್ಟೇ ಮೊಳೆಯುತ್ತಿತ್ತು. ಒಂದು ಗೀರೂ ಇಲ್ಲದ, ಒಬ್ಬನೇ ಮಾಲೀಕನ ಕೈಯಲ್ಲಿ ಬೆಳೆದ ಗಾಡಿ ಇನ್ನೆಲ್ಲಿ ಸಿಗಬೇಕು? ತಮ್ಮನಿಗೆ ಬೇರೆ ಸಂಕಟ. ಅತ್ತಿಗೆ ಪೇಟೆಯ ನಡುವೆ ಸ್ಟೇರಿಂಗ್ ಹಿಡಿದು ಬಂದಾಗ ಅಂಗಡಿಯ ಗಿರಾಕಿಗಳು ನಗುತ್ತಾರಂತೆ.

ಅದರ ಮುಂದಿನ ಆದಿತ್ಯವಾರ ನಡೆದದ್ದನ್ನು ನಾನು ಕಣ್ಣಾರೆ ಕಂಡೆ. ಅಕ್ಕೋರು ಸೋಲಲಿಲ್ಲ, ಕೊಡುವುದಿಲ್ಲ ಎಂದು ಖಡಾಖಂಡಿತ ಹೇಳಿದರು. ಆಗ ತಮ್ಮ, “ಗಾಡಿ ಅಣ್ಣನ ಹೆಸರಿನ್ಯಾಗ ಐತಿ ವೈನಿ. ಅಣ್ಣನ್ನ ಕೇಳೂಣು,” ಎಂದು ಕುರ್ಚಿಯ ಮುಂದೆ ಹೋಗಿ ನಿಂತರು.

“ಅಣ್ಣಾ, ಗಾಡಿ ಏನ ಮಾಡೂಣು, ನೀನ ಹೇಳು.”

“ಕೊಡು,” ಅಂದರು ಕಾಕಾ.

ಬೇರೆ ಸೀಮೆಯವರಿಗೆ ಇದು ತಿಳಿಯಲಿಕ್ಕಿಲ್ಲ. ನಮ್ಮಲ್ಲಿ ಎತ್ತಾಗಲಿ ಎಮ್ಮೆಯಾಗಲಿ ಗಾಡಿಯಾಗಲಿ, ಮನೆಯಲ್ಲಿ ಬಾಳಿದ್ದನ್ನು ‘ಮಾರಿದೆ’ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ‘ಕೊಟ್ಟೆ’ ಅನ್ನುತ್ತೇವೆ. ಮಾರುವುದಕ್ಕೂ ಕೊಡುವುದಕ್ಕೂ ಒಂದೇ ಮಾತು. ಊರಿನ ಆ ಮರ್ಯಾದೆಯ ಮಾತೇ ಅಂದು ಅವರ ಕೈಗೆ ಆಯುಧವಾಗಿ ಸಿಕ್ಕಿತು. ತಮ್ಮ ಎಲ್ಲರ ಮುಖ ನೋಡಿ, ಕೇಳಿದಿರಲ್ಲ ಎಂಬಂತೆ ಕೈ ಅಗಲಿಸಿದರು.

ಅಕ್ಕೋರು ಸೆರಗು ಸಿಕ್ಕಿಸಿಕೊಂಡು ಕಾಕಾನ ಎದುರಿಗೆ ಕೂತರು. ಮಕ್ಕಳಿಂದ ಪಾಠ ಒಪ್ಪಿಸಿಕೊಳ್ಳುವ ದನಿಯಲ್ಲಿ ಕೇಳಿದರು. “ರೀ, ಗಾಡಿ ನಮ್ಮ ಮನ್ಯಾಗ ಇರ್ಲೇನ್ರಿ?”

“ಕೊಡು.”

“ನಿಮ್ಮ ತಮ್ಮನ ಸೀರಿ ಅಂಗಡಿ?”

“ಕೊಡು.”

“ಈ ವಕೀಲರನ್ನ ಏನ ಮಾಡೂಣ್ರಿ?”

“ಕೊಡು!”

ಅಂಗಳವೆಲ್ಲ ನಕ್ಕಿತು. ಕಾಕಾ ಕೂಡ ಅರ್ಧ ಬಾಯಲ್ಲಿ ನಕ್ಕರು. ಗೆದ್ದೆವು ಎಂದು ನಾನು ಮನಸ್ಸಿನಲ್ಲೇ ಕೈ ತಟ್ಟಿದೆ. ಎಲ್ಲರಿಗಿಂತ ಕಡೆಗೆ ನಗು ನಿಲ್ಲಿಸಿದವರು ವಕೀಲರು. ಕಣ್ಣು ಒರೆಸಿಕೊಂಡು, ಬಹಳ ಮೆತ್ತಗೆ ಹೇಳಿದರು: “ನೋಡ್ರಿ ಅಕ್ಕೋರ, ಎರಡರಾಗ ಒಂದ. ಅವರಿಗೆ ತಿಳೀತೈತಿ ಅಂದ್ರ ಅವರ ಮಾತ ಖರೇ. ತಿಳಿಯೂದಿಲ್ಲ ಅಂದ್ರ ಹಂಗಂತ ನೀವ ಒಂದ ಮಾತ ಹೇಳ್ರಿ. ನಾವು ಈಗ ಎದ್ದ ಹೋಗ್ತೀವಿ.”

ಇದಕ್ಕಿಂತ ಹೇಸಿ ಮಾತನ್ನು ನಾನು ಜೀವನದಲ್ಲಿ ಕೇಳಿಲ್ಲ. ಬೈಗುಳವಲ್ಲ, ಗದರಿಕೆಯಲ್ಲ, ಎಷ್ಟು ನಯ! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ‘ನನ್ನ ಗಂಡನಿಗೆ ಬುದ್ಧಿ ಇಲ್ಲ’ ಎಂದು ಅಕ್ಕೋರು ಒಂದು ಸಲ ಅಂದರೆ ಗಾಡಿ ಉಳಿಯುತ್ತಿತ್ತು. ಅವರ ಎದುರಿಗೇ ಅನ್ನಬೇಕಿತ್ತು. ಇವರಿಗೆ ಎಲ್ಲ ತಿಳಿಯುತ್ತದೆ ಎಂದು ಊರಿಗೆಲ್ಲ ಸಾರಿದ ಬಾಯಿಂದಲೇ ಅನ್ನಬೇಕಿತ್ತು. ನಾನಾಗಿದ್ದರೆ ಅಂದುಬಿಡುತ್ತಿದ್ದೆ, ಒಳಗೆ ಹೋಗಿ ಕಾಕಾನ ಕಾಲು ಹಿಡಿದು ಕ್ಷಮೆ ಕೇಳುತ್ತಿದ್ದೆ. ಅಕ್ಕೋರು ಕಾಕಾನ ಮುಖ ನೋಡಿದರು. ಕಾಕಾ ಅವರನ್ನೇ ನೋಡುತ್ತಿದ್ದರು, ನಗು ಹೋಗಿತ್ತು, ಎಡಗೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. ಅವರಿಗೆ ಪ್ರತಿ ಅಕ್ಷರ ತಿಳಿದಿತ್ತು…

“ನಮ್ಮವರಿಗೆ ಎಲ್ಲಾ ತಿಳೀತೈತ್ರಿ,” ಅಂದರು ಅಕ್ಕೋರು. ಎದ್ದು ಒಳಗೆ ಹೋದರು. ಗೂಟದ ಮೇಲಿನ ಗಾಡಿಯ ಕೀಲಿ ತಂದು ಅಂಗಳದ ಕಟ್ಟೆಯ ಮೇಲೆ ಇಟ್ಟರು. ಯಾರ ಕೈಗೂ ಕೊಡಲಿಲ್ಲ.

ಆ ವಾರದೊಳಗೇ ಕಾಗದ ಪತ್ರದ ಕೆಲಸ ಮುಗಿಯಿತು. ಕಾಕಾನ ಎಡಗೈ ಹೆಬ್ಬೆಟ್ಟನ್ನು ತಮ್ಮನೇ ಹಿಡಿದು ಒತ್ತಿಸಿದರು. ದುಡ್ಡಿನಲ್ಲಿ ಮೋಸವಾಗಲಿಲ್ಲ, ನ್ಯಾಯವಾದ ಬೆಲೆಯೇ ಬಂತು. ಅದೇ ನನಗೆ ಹೆಚ್ಚು ಉರಿ. ಕಳ್ಳರಾಗಿದ್ದರೆ ಕಳ್ಳರೇ ಎಂದು ಕೂಗಬಹುದಿತ್ತು. ಇವರು ಸಂಭಾವಿತರು. ಗಾಡಿಗೆ ಕಾಯಿ ಒಡೆದು, ಅಕ್ಕೋರ ಕೈಯಿಂದಲೇ ಸಕ್ಕರೆ ತಿಂದು, ಒಳ್ಳೆಯದು ಮಾಡಿದೆವು ಎಂದು ನಂಬಿಕೊಂಡು ಹೋದರು. ವಕೀಲರು ಗೇಟು ದಾಟಿಸುವಾಗ ಗೇರು ಬದಲಿಸದೆ ಇಂಜಿನ್ ಅರಚಿಸಿದರು. ಕಾಕಾ ಕುರ್ಚಿಯ ಹಿಡಿಗೆ ಬೆರಳಿನಿಂದ ಬಡಿದೇ ಬಡಿದರು.

ಆಮೇಲೆ ಬಾಡಿಗೆ ಜೀಪು. ಹಿಂದಿನ ಸೀಟಿನಲ್ಲಿ ಕಾಕಾ ಉರುಳದ ಹಾಗೆ ಅಕ್ಕೋರು ತಮ್ಮ ಹಳೆಯ ಸೀರೆಯಿಂದ ಸೊಂಟಕ್ಕೆ ಕಟ್ಟಿ ಕೂಡಿಸುತ್ತಿದ್ದರು. ಬಿಗಿ ಮಾಡಿದರೆ ನೋವು, ಸಡಿಲ ಬಿಟ್ಟರೆ ಜೋಲಿ. ದೇಸೂರಿನ ಹತ್ತಿರ ಕಾಕಾ ಎಡಗೈ ಮುಂದಕ್ಕೆ, ಡ್ಯಾಷ್‌ಬೋರ್ಡಿನ ಕಡೆಗೆ ಚಾಚಿ “ಕೊಡು, ಕೊಡು” ಅಂದರು. ಜೀಪಿನವನು ತಿರುಗಿ, “ಏನ ಕೊಡಬೇಕಂತ್ರಿ ಅಜ್ಜಾರಿಗೆ?” ಎಂದು ಕೇಳಿದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಕೆಲವು ವಾರ ಹೀಗೆ ನಡೆಯಿತು. ಒಂದು ದಿನ ಕಾಕಾ ಜೀಪಿನ ಬಾಗಿಲ ಚೌಕಟ್ಟನ್ನು ಎಡಗೈಯಲ್ಲಿ ಹಿಡಿದವರು ಬಿಡಲೇ ಇಲ್ಲ. ಬೆಳಗಾವಿಯ ಓಡಾಟ ನಿಂತಿತು. ಸಡಿಲವಾಗುತ್ತಿದ್ದ ಬಲಗೈ ಮತ್ತೆ ಮುದುಡಿತು. ಮಾತೂ ಕಡಿಮೆಯಾಗುತ್ತ ಬಂತು. ಇದ್ದದ್ದೇ ಒಂದು ಮಾತು, ಅದನ್ನೂ ಆಡುವುದನ್ನು ಬಿಟ್ಟರು. ಮನೆ ಎಷ್ಟು ಸುಮ್ಮನಾಯಿತೆಂದರೆ ಗೋಡೆಯ ಈಚೆ ನಾನು ಪಾತ್ರೆಯ ಸದ್ದು ಮಾಡಲೂ ಹೆದರುತ್ತಿದ್ದೆ. ಮರು ಮಳೆಗಾಲ ಹಿಡಿಯುವ ಹೊತ್ತಿಗೆ ಕಾಕಾ ಹೋದರು. ಗಾಡಿ ಇದ್ದಿದ್ದರೆ ಬದುಕುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಮಾತಾಡುತ್ತ ಹೋಗುತ್ತಿದ್ದರು, ಅಷ್ಟೇ.

ಕಾಕಾನನ್ನು ಮಣ್ಣು ಮಾಡಿದ ದಿನ ವಕೀಲರು ಹೊಸ ಗಾಡಿಯಲ್ಲಿ ಬಂದರು, ಶಬ್ದವಿಲ್ಲದ್ದು. ಅಕ್ಕೋರ ಎದುರಿಗೆ ಕೈ ಮುಗಿದು ಸಮಾಧಾನದ ಮಾತು ಹೇಳಿದರು. “ನಿಮ್ಮ ಗಾಡಿ ಜೀವದ ಹಂಗ ಇಟ್ಟೇನ್ರಿ ಅಕ್ಕೋರ. ಮ್ಯಾಲ ಹೊದಿಕಿ ಹಾಕಿ ನಿಲ್ಲಿಸೇನಿ. ಮನಿಗೆ ಒಯ್ದ ಮ್ಯಾಲ ಒಂದ ಕಿಲೋಮೀಟರ್ ಸೈತ ಓಡಿಸಿಲ್ಲ ನೋಡ್ರಿ.” ಇದನ್ನು ಕೇಳಿದರೆ ಅವರಿಗೆ ನೆಮ್ಮದಿಯಾಗುತ್ತದೆ ಎಂದು ಆ ಮನುಷ್ಯ ಖರೇ ನಂಬಿದ್ದರು! ಓಡಿಸದೆ ಉಪ್ಪಿನಕಾಯಿ ಹಾಕಿಡಲು ಒಯ್ದಿದ್ದರಂತೆ. ಅಕ್ಕೋರು ಅವರನ್ನು ನೋಡಿದರು. “ಅದನ್ನ ಹೇಳಾಕ ಇಷ್ಟ ದೂರ ಬಂದ್ರೇನು?” ಅಂದರು. ಅಕ್ಕೋರು ನಿಪ್ಪಾಣಿಯ ಮಗಳ ಮನೆಗೆ ಹೋದ ಮೇಲೆ ನಮಗೂ ವರ್ಗವಾಯಿತು. ಮೊದಮೊದಲು ಫೋನು, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ…

ಹೋದ ತಿಂಗಳ ಮದುವೆಯ ಮಾತು ಹೇಳುತ್ತಿದ್ದೆನಲ್ಲ. ಊಟದ ಪಂಕ್ತಿಯಲ್ಲಿ ನನ್ನ ಎದುರಿಗೆ ಆ ಬಾನೆಟ್ ಎತ್ತಿದ್ದ ಹುಡುಗರೇ ಕೂತಿದ್ದರು. ಹಳೆಯ ಗಾಡಿಯವರ ಸಂಘವಂತೆ, ಆದಿತ್ಯವಾರ ಕೂಡುತ್ತಾರಂತೆ. ಒಬ್ಬ ಹುಡುಗ ಹಿರಿಯರಿಂದ ಕೇಳಿದ ಜೋಕು ಹೇಳಿದ. ಹಿಂದೆ ಖಾನಾಪುರದಲ್ಲಿ ಒಬ್ಬ ಮುದುಕನಿದ್ದನಂತೆ. ಗಾಡಿ ಕೊಡ್ತೀಯಾ ಅಂದರೆ ಕೊಡು, ತಮ್ಮನನ್ನು ಕೊಡ್ತೀಯಾ ಅಂದರೂ ಕೊಡು, ವಕೀಲನನ್ನೂ ಕೊಡು! ಪಂಕ್ತಿಯೇ ನಕ್ಕಿತು. ಅವನ ಜೋಕಿನಲ್ಲಿ ಆ ಪ್ರಶ್ನೆ ಕೇಳುವವನು ತಮ್ಮ. ಅಕ್ಕೋರು ಅದರಲ್ಲಿ ಇರಲೇ ಇಲ್ಲ. ಹೆಂಡತಿಯೇ ಇಲ್ಲದ ಮುದುಕ ಅವನು.

ನನಗೆ ತಡೆಯಲಾಗಲಿಲ್ಲ. ಅಲ್ಲೇ, ಹೋಳಿಗೆಯ ಮುಂದೆ ಕೂತು, ಇಲ್ಲಿ ಬರೆದದ್ದನ್ನೆಲ್ಲ ಆ ಹುಡುಗನಿಗೆ ಹೇಳಿದೆ. ದನಿ ಏರಿತ್ತು, ಬಡಿಸುವವರು ನಿಂತು ನೋಡಿದರು. ಹುಡುಗ ಕೆಟ್ಟವನಲ್ಲ. ತಲೆ ತಗ್ಗಿಸಿ ಕೊನೆಯವರೆಗೂ ಕೇಳಿದ. “ತಪ್ಪಾತ್ರಿ ಆಂಟಿ, ನಮಗ ಗೊತ್ತಿರಲಿಲ್ಲ,” ಅಂದ. ಆಮೇಲೆ ತಡೆಯಲಾರದೆ ಕೇಳಿದ: “ಆ ಗಾಡಿ ಈಗ ಎಲ್ಲೈತ್ರಿ?”

ಅಕ್ಕೋರು ಎಲ್ಲಿದ್ದಾರೆ ಎಂದು ಕೇಳಿದ್ದರೆ ಹೇಳುತ್ತಿದ್ದೆ. ನಿಪ್ಪಾಣಿಯಲ್ಲಿ ಲಿಂಗೈಕ್ಯರಾದರು, ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಶಿವಗಣಾರಾಧನೆಯೂ ಮುಗಿದಿತ್ತು, ಮುಖ ನೋಡಲೂ ಆಗಲಿಲ್ಲ ಎಂದು ಹೇಳುತ್ತಿದ್ದೆ. ಅವನು ಅದನ್ನು ಕೇಳಲಿಲ್ಲ. ನಾನು ಎಲೆ ಮಡಚಿ ಎದ್ದೆ.